ಸಬಿಹಾ ಸೆರ್ತೆಲ್ ಅವರ ಲೇಖನಿ

ತುರ್ಕಿಯ ಪಾಠ ಬಂದಾಗ ನಾವು ಶಿಕ್ಷಕಿಯರು ಕಮಾಲ್ ಪಾಷಾನ ಸುಧಾರಣೆಗಳನ್ನು ಮಕ್ಕಳಿಂದ ಒಂದೊಂದಾಗಿ ಹೇಳಿಸುತ್ತೇವೆ: 1928ರಲ್ಲಿ ಹೊಸ ಲಿಪಿ, 1934ರಲ್ಲಿ ಸಂಸತ್ತಿನ ಚುನಾವಣೆಯಲ್ಲಿ ಹೆಂಗಸರಿಗೂ ಮತ. ಮತ ಪಡೆದ ಹೆಂಗಸು ಬಾಯಿಬಿಟ್ಟು ಮಾತಾಡಿದಾಗ ಏನಾಯಿತೆಂಬುದು ಆ ಪಟ್ಟಿಯಲ್ಲಿಲ್ಲ. ಅದನ್ನು ತಿಳಿಯಲು ಸಬಿಹಾ ಸೆರ್ತೆಲ್ ಅವರ ಬದುಕನ್ನು ನೋಡಬೇಕು.

ಸಬಿಹಾ ಹುಟ್ಟಿದ್ದು 1895ರಲ್ಲಿ, ಆಗ ತುರ್ಕಿ ಸುಲ್ತಾನರ ಆಳ್ವಿಕೆಯಲ್ಲಿದ್ದು ಈಗ ಗ್ರೀಸಿಗೆ ಸೇರಿರುವ ಸಲೋನಿಕಾದಲ್ಲಿ. 1915ರಲ್ಲಿ ಪತ್ರಕರ್ತ ಜೆಕೆರಿಯಾ ಅವರ ಕೈಹಿಡಿದರು. 1919ರಲ್ಲಿ ದಂಪತಿಗಳು ನ್ಯೂಯಾರ್ಕಿಗೆ ಹೋದರು. ಅಲ್ಲಿ ಸಮಾಜಸೇವೆಯ ಶಿಕ್ಷಣ ಪಡೆದ ಸಬಿಹಾ 1923ರಲ್ಲಿ ತಾಯ್ನಾಡಿಗೆ ಮರಳಿದರು. ಮರುವರ್ಷ ಇಸ್ತಾಂಬುಲಿನಲ್ಲಿ 'ರೆಸಿಮ್ಲಿ ಆಯ್' ಎಂಬ ಸಚಿತ್ರ ಮಾಸಿಕ ಆರಂಭವಾಯಿತು. 1925ರಲ್ಲಿ, ಅಚ್ಚಾದ ಒಂದು ಬರಹಕ್ಕಾಗಿ, ಜೆಕೆರಿಯಾ ಅವರನ್ನು ಸಿನೋಪ್ ಪಟ್ಟಣಕ್ಕೆ ಗಡೀಪಾರು ಮಾಡಿದರು. ಹೆಂಡತಿ ಪತ್ರಿಕೆಯ ಕೆಲಸ ಬಿಡಲಿಲ್ಲ.

ಸಬಿಹಾ 'ಜಿಜಿ ಆನ್ನೆ', ಅಂದರೆ ಮುದ್ದಿನ ಅಮ್ಮ, ಎಂಬ ಹೆಸರಿನಲ್ಲಿ ಓದುಗರ ಕಷ್ಟಸುಖಕ್ಕೆ ಸಲಹೆ ಕೊಡುವ ಅಂಕಣವನ್ನೂ ಬರೆದರು. ನಮ್ಮ ವಾರಪತ್ರಿಕೆಗಳಲ್ಲಿ ಇಂಥ ಪುಟವನ್ನು ನಾವೆಲ್ಲ ಓದಿದ್ದೇವೆ. ಹೆಂಗಸು ಆ ಮೂಲೆಯಲ್ಲಿದ್ದಷ್ಟು ದಿನ ಯಾರಿಗೂ ತಕರಾರಿಲ್ಲ. ಆದರೆ 'ತಾನ್' ದಿನಪತ್ರಿಕೆಯಲ್ಲಿ ಆಕೆ ರಾಜಕೀಯ ಬರೆದರು. ಎರಡನೆಯ ಮಹಾಯುದ್ಧದಲ್ಲಿ ತುರ್ಕಿ ತಟಸ್ಥವಾಗಿದ್ದಾಗ ಹಿಟ್ಲರನ ಮಾರ್ಗವನ್ನು ಖಂಡಿಸಿದರು. ಬರೆಯಕೂಡದೆಂದು ಸರ್ಕಾರ ಹಲವು ಸಲ ಅಪ್ಪಣೆ ಮಾಡಿತು. ಯುದ್ಧ ಮುಗಿದ ಮೇಲೆ ಒಂದೇ ಪಕ್ಷದ ಆಡಳಿತ ಸಾಕೆಂದು 'ತಾನ್' ವಾದಿಸಿತು.

1945ರ ಡಿಸೆಂಬರ್ 4ರಂದು ದೊಡ್ಡ ಗುಂಪು 'ತಾನ್' ಕಚೇರಿಗೆ ನುಗ್ಗಿ ಅಚ್ಚಿನ ಯಂತ್ರಗಳನ್ನು ಪುಡಿಮಾಡಿತು. ಗುಂಪಿನಲ್ಲಿ ವಿದ್ಯಾರ್ಥಿಗಳು ಬಹಳ ಮಂದಿ. ಮಕ್ಕಳಿಗೆ ಅಕ್ಷರ ಕಲಿಸುವ ನನಗೆ ಈ ಮಾತು ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ. ಪೊಲೀಸರು ತಡೆಯಲಿಲ್ಲ, ಸೆರೆಮನೆ ಸೇರಿದವರು ಸೆರ್ತೆಲ್ ದಂಪತಿಗಳು. ಮೇಲಿನ ನ್ಯಾಯಾಲಯದಲ್ಲಿ ಬಿಡುಗಡೆಯಾದರೂ ಪತ್ರಿಕೆ ಮತ್ತೆ ತಲೆಯೆತ್ತಲಿಲ್ಲ. 1950ರಲ್ಲಿ ಅವರು ದೇಶ ಬಿಟ್ಟರು.

ಸಬಿಹಾ ಮತ್ತೆ ತುರ್ಕಿಯನ್ನು ಕಾಣಲಿಲ್ಲ. 1968ರಲ್ಲಿ ಬಾಕು ನಗರದಲ್ಲಿ ತೀರಿಕೊಂಡರು. 'ರೋಮಾನ್ ಗಿಬಿ', ಅಂದರೆ 'ಕಾದಂಬರಿಯಂತೆ', ಎಂಬ ಅವರ ಆತ್ಮಕಥೆ ಮರುವರ್ಷ ಇಸ್ತಾಂಬುಲಿನಲ್ಲೇ ಅಚ್ಚಾಯಿತು. ಬರೆದವಳಿಗೆ ಸಿಗದ ಊರಿನ ದಾರಿ ಬರಹಕ್ಕಾದರೂ ಸಿಕ್ಕಿತು. ಸುಧಾರಣೆಗಳ ಪಟ್ಟಿಯ ಜೊತೆಗೆ ಈ ಹೆಸರನ್ನೂ ನಮ್ಮ ಹೆಣ್ಣುಮಕ್ಕಳಿಗೆ ಹೇಳಬೇಕು.