ಮಾಟುಂಗಾ: ಮುಂಬಯಿ ಕನ್ನಡಿಗರ ಹಳೆಯ ನೆಲೆ

ಮುಂಬಯಿಗೆ ಬಂದ ಕನ್ನಡಿಗರ ಅನೇಕ ಕುಟುಂಬಗಳ ಕಥೆಯಲ್ಲಿ ಮಾಟುಂಗಾ ಒಂದು ಅಧ್ಯಾಯವಾಗಿ ಬಂದೇ ಬರುತ್ತದೆ. ಇಂದು ಡೊಂಬಿವಲಿ, ಮೀರಾ ರೋಡ್, ನವಿ ಮುಂಬಯಿಗಳಲ್ಲಿ ಮನೆ ಮಾಡಿರುವ ನಾವು ಹಬ್ಬದ ಮುನ್ನಾದಿನ ಬಾಳೆಲೆ, ಮಲ್ಲಿಗೆಗಳಿಗಾಗಿ ಇಲ್ಲಿನ ಮಾರುಕಟ್ಟೆಗೇ ಬರುತ್ತೇವೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿ ಬ್ರಿಟಿಷರ ಫಿರಂಗಿದಳದ ಠಾಣೆಯಿತ್ತು. ಈಗಿನ ಮಾಟುಂಗಾ ರೂಪುಗೊಳ್ಳಲು ಕಾರಣವಾದದ್ದು ಒಂದು ವಿಪತ್ತು. 1896ರಲ್ಲಿ ನಗರವನ್ನು ತತ್ತರಿಸುವಂತೆ ಮಾಡಿದ ಪ್ಲೇಗ್ ಮಾರಿಯ ಬಳಿಕ, 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಇಕ್ಕಟ್ಟಾದ ಹಳೆಯ ನಗರದ ಉತ್ತರಕ್ಕೆ ದಾದರ್, ಮಾಟುಂಗಾ, ಸಾಯನ್ ಪ್ರದೇಶಗಳಲ್ಲಿ ಗಾಳಿ ಬೆಳಕು ಬರುವಂತೆ ಅಗಲ ರಸ್ತೆ, ಸಾಲುಮರ ಮತ್ತು ಉದ್ಯಾನಗಳನ್ನು ಯೋಜಿಸಿ, ನಿವೇಶನಗಳನ್ನು ಗೇಣಿಗೆ ನೀಡಲಾಯಿತು. ಫೈವ್ ಗಾರ್ಡನ್ಸ್ ಹಾಗೂ ಈಗ ಮಹೇಶ್ವರಿ ಉದ್ಯಾನವೆನಿಸಿರುವ ಕಿಂಗ್ಸ್ ಸರ್ಕಲ್ ಆ ಕಾಲದ ಸ್ಮಾರಕಗಳು.

ಬ್ಯಾಂಕು, ರೈಲ್ವೆ, ಕಚೇರಿಗಳ ನೌಕರಿಗೆ ಬಂದ ದಕ್ಷಿಣದವರು ಇಲ್ಲಿ ಬಾಡಿಗೆಗೆ ನೆಲೆಸಿದರು. ಅವರನ್ನು ಹಿಂಬಾಲಿಸಿ ಉಡುಪಿ ಹೋಟೆಲುಗಳು ಬಂದವು. 1940ರ ಕೆಫೆ ಮದ್ರಾಸ್, 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಊಟದ ಹೊತ್ತಿಗೆ ಸಾಲು ನಿಲ್ಲಿಸುತ್ತವೆ. 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ ಭಾವು ದಾಜಿ ರಸ್ತೆಯಲ್ಲಿದೆ. 1933ರಲ್ಲಿ ಆರಂಭವಾದ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ ರೈಲು ಹಳಿಯ ಪಶ್ಚಿಮಕ್ಕಿದೆ. ನಾಟಕ, ಯಕ್ಷಗಾನ, ಉಪನ್ಯಾಸಗಳಿಗೆ ಮುಂಬಯಿ ಕನ್ನಡಿಗರು ಕೂಡುವ ಜಾಗಗಳಿವು. ಕಿಂಗ್ಸ್ ಸರ್ಕಲಿನ ಜಿ.ಎಸ್.ಬಿ. ಸೇವಾ ಮಂಡಲದ ಗಣೇಶೋತ್ಸವ 1955ರಿಂದ ನಡೆದು ಬಂದಿದೆ.

ಇಲ್ಲಿ ವಾಸಿಸುವವರ ಅನುಕೂಲ ಇಂದಿಗೂ ಕಡಿಮೆಯಾಗಿಲ್ಲ. ಮಧ್ಯ ರೈಲ್ವೆಯ ಮಾಟುಂಗಾ, ಪಶ್ಚಿಮ ರೈಲ್ವೆಯ ಮಾಟುಂಗಾ ರೋಡ್, ಹಾರ್ಬರ್ ಮಾರ್ಗದ ಕಿಂಗ್ಸ್ ಸರ್ಕಲ್ ಮೂರೂ ನಡಿಗೆಯ ದೂರದಲ್ಲಿವೆ. ಇವುಗಳಲ್ಲಿ ಮಾಟುಂಗಾ ನಿಲ್ದಾಣವನ್ನು 2017ರಲ್ಲಿ ಪೂರ್ತಿಯಾಗಿ ಮಹಿಳಾ ಸಿಬ್ಬಂದಿಗೆ ವಹಿಸಲಾಯಿತು. ವಿ.ಜೆ.ಟಿ.ಐ., ರುಯಿಯಾ, ಪೋದಾರ್, ಖಾಲ್ಸಾ ಮೊದಲಾದ ವಿದ್ಯಾಸಂಸ್ಥೆಗಳು ಸಮೀಪದಲ್ಲಿವೆ. ಕಾಫಿಪುಡಿಯಿಂದ ಹಪ್ಪಳದವರೆಗೆ ಎಲ್ಲವೂ ಒಂದೇ ಸುತ್ತಿನಲ್ಲಿ ಸಿಗುತ್ತದೆ.

ಆದರೆ ಮಾಟುಂಗಾ ಬದಲಾಗುತ್ತಿದೆ. ಪಗಡಿ ಪದ್ಧತಿಯ ಹಳೆಯ ಕಟ್ಟಡಗಳು ಒಂದೊಂದಾಗಿ ಉರುಳಿ ಗೋಪುರಗಳೇಳುತ್ತಿವೆ. 1969ರ ಸೆಪ್ಟೆಂಬರ್ 30ಕ್ಕೆ ಮೊದಲು ಕಟ್ಟಿದ, ಸೆಸ್ ತೆರುವ ಕಟ್ಟಡಗಳ ಪುನರ್ನಿರ್ಮಾಣದಲ್ಲಿ ವಾಸದ ಬಾಡಿಗೆದಾರರಿಗೆ ಕನಿಷ್ಠ 300 ಚದರ ಅಡಿಯ ಮನೆ ಸಿಗಬೇಕೆಂಬ ನಿಯಮವಿದೆ. ಹೊಸ ಮನೆಯ ಒಡೆತನ ದೊರೆಯುವುದು ಸಂತಸದ ಸಂಗತಿ; ತಿಂಗಳ ನಿರ್ವಹಣಾ ವೆಚ್ಚ ಮಾತ್ರ ಹಳೆಯ ಬಾಡಿಗೆಯ ಎಷ್ಟೋ ಪಟ್ಟು. ನಿವೃತ್ತಿವೇತನವನ್ನೇ ನಂಬಿದ ಹಿರಿಯರಿಗೆ ಇದು ಸಣ್ಣ ಚಿಂತೆಯಲ್ಲ. ಹಾಗಾಗಿ ಮನೆ ತೆರವು ಮಾಡುವ ಮುನ್ನ ಶಾಶ್ವತ ಪರ್ಯಾಯ ನಿವಾಸದ ಕರಾರನ್ನು ನೋಂದಾಯಿಸಿಕೊಳ್ಳುವುದು, ಕಟ್ಟಡ ಮುಗಿಯುವವರೆಗಿನ ಬಾಡಿಗೆಯ ಬಗ್ಗೆ ಲಿಖಿತ ಭರವಸೆ ಪಡೆಯುವುದು ಅವಶ್ಯ.

ಮನೆಗಳು ಮಾರಾಟವಾಗಿ ಮಕ್ಕಳು ದೂರ ಹೋದರೆ, ಸಂಜೆಯ ಕಾರ್ಯಕ್ರಮಕ್ಕೆ ನಡೆದೇ ಬರುತ್ತಿದ್ದ ಸಭಿಕರೂ ಕಡಿಮೆಯಾಗುತ್ತಾರೆ. ಸಭಾಗೃಹ ಉಳಿದರೂ ನೆರೆಹೊರೆ ಉಳಿಯುವುದಿಲ್ಲ. ಹೂವಿಗೆಂದು ಮಾಟುಂಗಾಕ್ಕೆ ಹೋಗುವ ನಾವು, ಮಕ್ಕಳನ್ನೂ ಜೊತೆಗೆ ಕರೆದೊಯ್ದು, ಅಂದಿನ ಸಂಜೆ ಅಲ್ಲಿ ಕನ್ನಡದ ಕಾರ್ಯಕ್ರಮವಿದ್ದರೆ ಕುಳಿತು ನೋಡಿ ಬರೋಣ.