ಜೈಪುರದಲ್ಲಿ ಸೋತವರು: ಬಡ ತಂಡದ ಮೇಲಿನ ಒಲವಿನ ಕುರಿತು ಒಂದು ಟಿಪ್ಪಣಿ

1973–74ರ ರಣಜಿ ಸೆಮಿಫೈನಲ್ ಪಂದ್ಯವನ್ನು ಕರ್ನಾಟಕದ ಕ್ರಿಕೆಟ್ ಪ್ರೇಮಿಗಳು ಇಂದಿಗೂ ಪುರಾಣದಂತೆ ಹೇಳಿಕೊಳ್ಳುತ್ತಾರೆ. 1958–59ರಿಂದ ಸತತವಾಗಿ 15 ಸಲ ಟ್ರೋಫಿ ಎತ್ತಿದ್ದ ಬಾಂಬೆ ತಂಡ ಬೆಂಗಳೂರಿಗೆ ಬಂದಿತ್ತು. ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದರು. ಕರ್ನಾಟಕ 385 ಗಳಿಸಿತು. ಬಾಂಬೆ 307ಕ್ಕೆ ನಿಂತಿತು. ಪ್ರಸನ್ನ ಅವರ ಎಸೆತಕ್ಕೆ ಗಾವಸ್ಕರ್ ಬೌಲ್ಡ್ ಆದದ್ದು, ಚೆನ್ನಾಗಿ ಆಡುತ್ತಿದ್ದ ವಾಡೇಕರ್ ರನ್ಔಟ್ ಆದದ್ದು ಆಗ ಹುಟ್ಟಿರದವರಿಗೂ ಗೊತ್ತು. ದಕ್ಕಿದ್ದು ಮೊದಲ ಇನಿಂಗ್ಸ್‌ನ ಮುನ್ನಡೆ ಮಾತ್ರ. ಹದಿನೈದು ವರ್ಷದ ಆಳ್ವಿಕೆ ಮುಗಿಯಲು ಅಷ್ಟೇ ಸಾಕಾಯಿತು.

ಈ ಕಥೆಯನ್ನು ನಾವು ಹೇಳುವ ಧಾಟಿ ಒಂದೇ: ಸಣ್ಣವರು ದೊಡ್ಡವರನ್ನು ಕೆಡವಿದರು. ಆ ಧಾಟಿಯನ್ನು ದಾಖಲೆಯ ಜೊತೆ ಇಟ್ಟು ನೋಡಬೇಕೆನ್ನಿಸಿತು.

ಕರ್ನಾಟಕ ನಿಜಕ್ಕೂ ಸಣ್ಣ ತಂಡವಾಗಿತ್ತೆ? ಪ್ರಸನ್ನ ಮತ್ತು ಚಂದ್ರಶೇಖರ್ ಆ ಹೊತ್ತಿಗೆ ಜಗತ್ತಿನ ಯಾವ ಬ್ಯಾಟಿಂಗನ್ನಾದರೂ ನಡುಗಿಸಬಲ್ಲ ಜೋಡಿ. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು ಉರುಳಿಸಿದವರು ಚಂದ್ರಶೇಖರ್. ವಿಶ್ವನಾಥ್ ಪರಿಚಯ ಹೇಳಬೇಕಾದವರೇ ಅಲ್ಲ. ಆಟದ ಬಲದಿಂದ ಅಳೆದರೆ ಇದು ಸಮಬಲರ ಕಾಳಗ. 'ಸಣ್ಣವರು' ಎಂಬ ಭಾವವನ್ನು ತಂದದ್ದು ಚರಿತ್ರೆ: ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದಾಗ ಇದೇ ತಂಡ 1941–42ರಲ್ಲೂ 1959–60ರಲ್ಲೂ ಫೈನಲ್ ಸೋತಿತ್ತು, ಎರಡೂ ಸಲ ಬಾಂಬೆಯ ಎದುರಿಗೇ.

ಇನ್ನು ಬಾಂಬೆಯ ಮೇಲಿನ ಸಿಟ್ಟು. ಓವಲ್‌ನಲ್ಲಿ ಚಂದ್ರಶೇಖರ್ ಕೈಗೆ ಚೆಂಡು ಕೊಟ್ಟ ನಾಯಕ ಇದೇ ವಾಡೇಕರ್. ಅದೇ ವರ್ಷ ವೆಸ್ಟ್ ಇಂಡೀಸ್‌ನಲ್ಲಿ 774 ರನ್ ಗಳಿಸಿ ದೇಶದ ಕಣ್ಮಣಿಯಾದವರು ಇದೇ ಗಾವಸ್ಕರ್. ಮೂರೇ ವರ್ಷಗಳಲ್ಲಿ ಅವರು ಕೆಡವಬೇಕಾದ ದೈತ್ಯರಾದರು. ವ್ಯಕ್ತಿಗಳು ಬದಲಾಗಿರಲಿಲ್ಲ, ಅವರು ತೊಟ್ಟ ಅಂಗಿ ಬದಲಾಗಿತ್ತು. ಹಾಗಾಗಿ ಗೆದ್ದವರನ್ನು ಕಂಡರಾಗದು ಎನ್ನುವುದನ್ನು ಬರಿಯ ಹೊಟ್ಟೆಕಿಚ್ಚು ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಸಿಟ್ಟು ಇದ್ದದ್ದು ಗೆಲುವು ಒಂದೇ ಮನೆಯಲ್ಲಿ ಬೀಡುಬಿಟ್ಟಿದ್ದಕ್ಕೆ, ಫಲಿತಾಂಶ ಮೊದಲೇ ಗೊತ್ತಿದ್ದುದಕ್ಕೆ.

ಇದನ್ನು ಬೆಂಬಲಿಸುವ ಅಧ್ಯಯನಗಳಿವೆ. ಜಿಮ್ಮಿ ಫ್ರೇಜಿಯರ್ ಮತ್ತು ಎಲ್ಡನ್ ಸ್ನೈಡರ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ವಿದ್ಯಾರ್ಥಿಗಳ ಮುಂದೆ ಏಳು ಪಂದ್ಯಗಳ ಒಂದು ಕಾಲ್ಪನಿಕ ಸರಣಿ ಇಡಲಾಯಿತು. ಶೇ. 81ರಷ್ಟು ಮಂದಿ ಸೋಲುವ ಸಾಧ್ಯತೆ ಹೆಚ್ಚಿದ್ದ ತಂಡದ ಪರ ನಿಂತರು. ಅದೇ ತಂಡ ಮೊದಲ ಮೂರು ಪಂದ್ಯ ಗೆದ್ದಿದೆ ಎಂದಾಗ, ಹಾಗೆ ನಿಂತವರಲ್ಲಿ ಅರ್ಧದಷ್ಟು ಮಂದಿ ಪಕ್ಷ ಬದಲಿಸಿದರು! ಒಲವು ತಂಡಕ್ಕೆ ಅಂಟಿರಲಿಲ್ಲ, ಅದು ನಿಂತಿದ್ದ ಜಾಗಕ್ಕೆ ಅಂಟಿತ್ತು. ಜೋಸೆಫ್ ವಾಂಡೆಲೊ ಮತ್ತು ಸಂಗಡಿಗರು 2007ರಲ್ಲಿ ಇನ್ನೊಂದು ಎಳೆ ಹಿಡಿದರು. ಒಂದೇ ಬಾಸ್ಕೆಟ್‌ಬಾಲ್ ಪಂದ್ಯದ ತುಣುಕನ್ನು ತೋರಿಸಿದಾಗ, ಯಾವ ತಂಡವನ್ನು ದುರ್ಬಲವೆಂದು ಹೇಳಲಾಗಿತ್ತೋ ಆ ತಂಡವೇ ಹೆಚ್ಚು ಬೆವರು ಸುರಿಸುತ್ತಿದೆ ಎಂದು ನೋಡಿದವರಿಗೆ ಕಂಡಿತು. ಸೋಲುವ ಸಾಧ್ಯತೆಯಿದ್ದ ತಂಡದ ಬಳಿ ಎದುರಾಳಿಗಿಂತ ಹೆಚ್ಚು ಹಣವಿದೆ ಎಂದು ತಿಳಿಸಿದಾಗ ಆ ಒಲವು ಕರಗಿತು. ನೋಡುಗರು ತೂಗುವುದು ನ್ಯಾಯವನ್ನು ಎಂಬ ಅವರ ತೀರ್ಮಾನ ನನಗೆ ಬಹುಮಟ್ಟಿಗೆ ಒಪ್ಪಿಗೆ.

ಗೆದ್ದೆತ್ತಿನ ಬಾಲ ಹಿಡಿಯುವವರೂ ಇದ್ದಾರೆ. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದ ಮರು ಸೋಮವಾರ ಅದರ ಹೆಸರಿನ ಬಟ್ಟೆ ತೊಡುವ ವಿದ್ಯಾರ್ಥಿಗಳ ಸಂಖ್ಯೆ ಏರುವುದನ್ನು ರಾಬರ್ಟ್ ಚಾಲ್ಡೀನಿ ತಂಡ 1976ರಲ್ಲೇ ತೋರಿಸಿದೆ. ಆದರೆ ಅದು ತಮ್ಮ ತಂಡದ ಮಾತು. ಬಡ ತಂಡದ ಮೇಲಿನ ಒಲವನ್ನು ಅಳೆಯಬೇಕಾದರೆ ನಮಗೆ ಏನೂ ಆಗಬೇಕಿಲ್ಲದ ಪಂದ್ಯ ಬೇಕು.

ಇಲ್ಲಿಯೇ ನ್ಯಾಯದ ವಾದ ತೊಡಕಿಗೆ ಸಿಗುತ್ತದೆ. ಬಾಂಬೆಯನ್ನು ದಾಟಿದ ಕರ್ನಾಟಕ ಫೈನಲ್ ಆಡಿದ್ದು ಜೈಪುರದಲ್ಲಿ, ರಾಜಸ್ಥಾನದ ವಿರುದ್ಧ. ರಾಜಸ್ಥಾನ ಅದಕ್ಕೆ ಮೊದಲು ಏಳು ಫೈನಲ್ ಸೋತಿತ್ತು: 1960–61ರಿಂದ ಸತತ ನಾಲ್ಕು, ಆಮೇಲೆ 1965–66, 1966–67, 1969–70. ಏಳೂ ಬಾಂಬೆಯ ಎದುರು! ಸಲೀಂ ದುರಾನಿ, ಹನುಮಂತ ಸಿಂಗ್ ಅವರಂಥ ಆಟಗಾರರಿದ್ದೂ ಕಪ್ ಕೈಗೆ ಬರಲಿಲ್ಲ. ಅನ್ಯಾಯವನ್ನು ಅಳೆಯುವ ಕೋಲಿದ್ದರೆ ಅಂದು ಜೈಪುರದಲ್ಲಿ ಗೆಲ್ಲಬೇಕಾಗಿದ್ದವರು ಅವರು. ಬಾಂಬೆ ಕೊನೆಗೂ ದಾರಿಯಿಂದ ಸರಿದಿತ್ತು, ತವರಿನ ಮೈದಾನ ಬೇರೆ. ಕರ್ನಾಟಕ ಅವರನ್ನು ಸೋಲಿಸಿ ತನ್ನ ಮೊದಲ ರಣಜಿ ಟ್ರೋಫಿ ತಂದಿತು. ನಮ್ಮ ನೆನಪಿನಲ್ಲಿ ಈ ಫೈನಲ್ ಸೆಮಿಫೈನಲ್‌ನ ಬಾಲಂಗೋಚಿಯಷ್ಟೆ.

ಇದರಿಂದ ನನಗೆ ಅನ್ನಿಸುವುದು: ಬಡ ತಂಡಕ್ಕೆ ನಮ್ಮ ಕಣ್ಣಿನಲ್ಲಿ ಆಕಾರ ಬರುವುದು ಎದುರಿಗೆ ದೈತ್ಯ ನಿಂತಾಗ ಮಾತ್ರ. ದೈತ್ಯನಿಲ್ಲದ ಕಡೆ, ಎಷ್ಟು ಸಲ ಸೋತವನಾದರೂ ಬರಿಯ ಎದುರಾಳಿ.

ದೈತ್ಯನ ನಾಶವನ್ನೂ ನಾವು ಬಯಸುವುದಿಲ್ಲ. ಆಸ್ಟ್ರೇಲಿಯದ ನಾರ್ಮನ್ ಫೆದರ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲಿದ್ದವನು ನಡುಮಟ್ಟಕ್ಕೆ ಇಳಿದಾಗ ಜನರಿಗಾದ ಸಂತೋಷ ಅವನು ತೀರ ಕೆಳಕ್ಕೆ ಬಿದ್ದಾಗ ಆಗಲಿಲ್ಲ. ಬಾಂಬೆಯ ವಿಷಯದಲ್ಲಿ ಅದನ್ನು ಪರೀಕ್ಷಿಸುವ ಅವಕಾಶ ಬರಲೇ ಇಲ್ಲ. 1974–75ರ ಫೈನಲ್‌ನಲ್ಲಿ ಅದು ಕರ್ನಾಟಕವನ್ನೇ ಸೋಲಿಸಿ ಟ್ರೋಫಿ ಮರಳಿ ಪಡೆಯಿತು, ಮುಂದಿನ ಎರಡು ವರ್ಷವೂ ಉಳಿಸಿಕೊಂಡಿತು. ಕರ್ನಾಟಕ 1977–78ರಲ್ಲಿ ಮತ್ತೆ ಗೆದ್ದಿತು. ರಾಜಸ್ಥಾನ ಮೊದಲ ಸಲ ರಣಜಿ ಗೆದ್ದದ್ದು 2010–11ರಲ್ಲಿ, ಬರೋಡಾ ವಿರುದ್ಧ. 1960ರ ದಶಕದಲ್ಲಿ ಆ ತಂಡಕ್ಕಾಗಿ ಆಡಿದವರಲ್ಲಿ ಬದುಕಿದ್ದವರು ಅಷ್ಟರಲ್ಲಿ ಮುಪ್ಪಿನವರಾಗಿದ್ದರು.