ಹಾಡು ಚಾಕಾ ಖಾನ್ ಅವರದು, ಮೊದಲ ದನಿ ಅತಿಥಿಯದು

ಈಗಿನ ಕನ್ನಡ ಸಿನಿಮಾ ಹಾಡುಗಳಲ್ಲಿ ಗಾಯಕರ ನಡುವೆ ರ‍್ಯಾಪರ್ ಒಬ್ಬರು ಬಂದು ಪಟಪಟನೆ ನಾಲ್ಕು ಸಾಲು ಹೇಳಿ ಹೋಗುವುದು ನಮಗೆಲ್ಲ ರೂಢಿಯಾಗಿದೆ. ಆದರೆ ನಲವತ್ತು ವರ್ಷಗಳ ಹಿಂದೆ ಅಮೆರಿಕದಲ್ಲೂ ಇದು ಅಪರೂಪವೇ ಆಗಿತ್ತು. ಈ ಜೋಡಿಗೆ ದಾರಿ ಮಾಡಿಕೊಟ್ಟ ಹಾಡುಗಳಲ್ಲಿ ಒಂದು, 1984ರ ‘ಐ ಫೀಲ್ ಫಾರ್ ಯೂ’.

ಹಾಡಿದವರು ಚಾಕಾ ಖಾನ್. 1953ರಲ್ಲಿ ಹುಟ್ಟಿ, ಶಿಕಾಗೊದಲ್ಲಿ ಬೆಳೆದ ಕಪ್ಪು ಸಮುದಾಯದ ಹೆಣ್ಣುಮಗಳು. 1970ರ ದಶಕದಲ್ಲಿ ‘ರೂಫಸ್’ ತಂಡದಲ್ಲಿ ಫಂಕ್ ಹಾಡಿ ಹೆಸರು ಮಾಡಿದ್ದರು. ಫಂಕ್ ಅಂದರೆ ಡ್ರಮ್ಮು, ಬೇಸ್ ಗಿಟಾರುಗಳ ಹೊಡೆತವೇ ಮುಂದೆ ನಿಲ್ಲುವ, ಕೂತವರ ಕಾಲು ಕುಣಿಸುವ ಸಂಗೀತ.

ಹಾಡು ಹೊಸದೇನಲ್ಲ. ಪ್ರಿನ್ಸ್ ಎಂಬ ಗಾಯಕ ಬರೆದು, 1979ರಲ್ಲೇ ತಾವೇ ಹಾಡಿದ್ದರು. ಅದನ್ನು ಮತ್ತೆ ಮಾಡಲು ಹೊರಟ ನಿರ್ಮಾಪಕ ಆರಿಫ್ ಮಾರ್ಡಿನ್, ಹಾರ್ಮೋನಿಕಾ ನುಡಿಸಲು ಸ್ಟೀವಿ ವಂಡರ್ ಅವರನ್ನು ಕರೆದರು. ರ‍್ಯಾಪ್ ಹೇಳಲು ಮೆಲ್ಲೆ ಮೆಲ್ ಅವರನ್ನು ಕರೆಸಿದರು.

ಈ ಎರಡನೇ ಕರೆಯೇ ದೊಡ್ಡದು. ರ‍್ಯಾಪ್ ಬೆಳೆದದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಬಡವರ ಕೇರಿಗಳಲ್ಲಿ. 1982ರ ‘ದಿ ಮೆಸೇಜ್’ ಹಾಡಿನಲ್ಲಿ ಅಲ್ಲಿನ ಬದುಕಿನ ಕಷ್ಟವನ್ನು ಹೇಳಿದ ಮುಖ್ಯ ದನಿ ಇದೇ ಮೆಲ್ ಅವರದು. ಆದರೂ ರ‍್ಯಾಪ್ ನಾಲ್ಕು ದಿನದ ಹುಚ್ಚು ಎಂದು ಮೂಗು ಮುರಿಯುವವರು ಸಂಗೀತ ಲೋಕದಲ್ಲಿ ಬೇಕಾದಷ್ಟಿದ್ದರು. ಅಂಥ ಹೊತ್ತಿನಲ್ಲಿ ಹೆಸರಾಂತ ಗಾಯಕಿಯ ಹಾಡು ಶುರುವಾಗುವುದೇ ಮೆಲ್ ದನಿಯಿಂದ!

ಆರಂಭದಲ್ಲಿ ಮೆಲ್ ‘ಚಾಕಾ ಖಾನ್’ ಎಂದು ಮತ್ತೆ ಮತ್ತೆ ಕರೆಯುವುದು ಕೇಳುತ್ತದೆ. ಅದು ಯೋಚಿಸಿ ಮಾಡಿದ್ದಲ್ಲ. ಧ್ವನಿ ಜೋಡಿಸುವಾಗ ಯಂತ್ರದ ಮೇಲೆ ತಮ್ಮ ಕೈ ಜಾರಿ ಹೆಸರು ಪುನರಾವರ್ತನೆ ಆಯಿತು, ಚೆನ್ನಾಗಿದೆ ಎಂದು ಹಾಗೇ ಉಳಿಸಿದೆವು ಎಂದು ಮಾರ್ಡಿನ್ ಮುಂದೆ ಹೇಳಿಕೊಂಡರು. ತನ್ನ ಹೆಸರನ್ನೇ ಅಷ್ಟು ಸಲ ಕೇಳಿ ಚಾಕಾ ಅವರಿಗೆ ಮುಜುಗರವಾಗಿತ್ತಂತೆ. ಕೇಳುಗರಿಗೆ ಹಾಡಿನ ಗುರುತಾಗಿ ಉಳಿದದ್ದು ಅದೇ.

ಹಾಡು ಬ್ರಿಟನ್ ಪಟ್ಟಿಯಲ್ಲಿ 1ನೇ, ಅಮೆರಿಕದ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು. ಹಾಡಿದ್ದಕ್ಕೆ ಚಾಕಾ ಅವರಿಗೆ, ಬರೆದದ್ದಕ್ಕೆ ಪ್ರಿನ್ಸ್ ಅವರಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ರ‍್ಯಾಪ್‌ಗೆ? ಗ್ರ್ಯಾಮಿಯಲ್ಲಿ ಆಗ ಅಂಥ ವಿಭಾಗವೇ ಇರಲಿಲ್ಲ. ಅದು ಬಂದದ್ದು 1989ರಲ್ಲಿ.

ಮುಂದಿನ ಸಲ ಫೋನಿನಲ್ಲಿ ಇಂಥ ಹಾಡು ಕೇಳುವಾಗ ಗಾಯಕರ ಹೆಸರಿನ ಜೊತೆ, ನಡುವೆ ಬಂದು ಹೋಗುವ ಆ ದನಿ ಯಾರದೆಂದೂ ಒಮ್ಮೆ ನೋಡೋಣ.